ಮಂಜಿದ್ದರೆ ಹೊರಡದ ಗಾಡಿ

ನಮ್ಮ ಕರೆಂಟ್ ಸ್ಕೂಟರಿಗೆ ಬಂದದ್ದು ಬೆಳಗಿನ ಕಾಯಿಲೆ. ಮಧ್ಯಾಹ್ನ ಹೋಗಿ ನೋಡಿದರೆ ತನಗೆ ಏನೂ ಆಗಿಯೇ ಇರಲಿಲ್ಲ ಎನ್ನುವ ಹಾಗೆ ನಿಂತಿರುತ್ತಿತ್ತು. ಕೀ ತಿರುಗಿಸಿ ಆಕ್ಸಿಲೇಟರ್ ತಿರುವಿದರೆ ಸದ್ದಿಲ್ಲದೆ ಹೊರಟುಬಿಡುತ್ತಿತ್ತು. ಬೆಳಗ್ಗೆ ಮಾತ್ರ ಇಲ್ಲ. ಮೀಟರಿನಲ್ಲಿ ಬೆಳಕು ಬರುತ್ತದೆ, ಚಾರ್ಜು ತುಂಬಿದೆ ಎಂದು ತೋರಿಸುತ್ತದೆ, ಹಾರನ್ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ಗಾಡಿ ಮಾತ್ರ ನಿಂತಲ್ಲೇ.

ಆಗ ಧನುರ್ಮಾಸ. ಹುಣಸೂರಿನಲ್ಲಿ ಹೊಳೆಯ ಕಡೆಯಿಂದ ಮಂಜು ಎದ್ದು ನಮ್ಮ ಬೀದಿಗೆ ನುಗ್ಗಿತೆಂದರೆ ಎದುರು ಮನೆಯ ತೆಂಗಿನ ಮರಕ್ಕೆ ಬುಡ ಮಾತ್ರ ಉಳಿಯುತ್ತಿತ್ತು. ಆ ಮಂಜಿನಲ್ಲಿ ನಾನು ಗುರುಪುರದ ಆಚೆಯ ಒಂದು ಹಳ್ಳಿಗೆ ಹೋಗಿ ಪಂಚಾಯ್ತಿಯ ಗ್ರಂಥಾಲಯದ ಬಾಗಿಲು ತೆಗೆಯಬೇಕು. ಒಂದೇ ಕೋಣೆ, ನಾಲ್ಕು ಕಪಾಟು, ಉದ್ದನೆಯ ಮೇಜು. ಹೊಲಕ್ಕೆ ಹೋಗುವ ಮೊದಲು ಪೇಪರ್ ನೋಡಿ ಹೋಗಲೆಂದು ಬರುವ ಹಿರಿಯರು ಮೆಟ್ಟಿಲ ಮೇಲೆ ಟವೆಲು ಹೊದ್ದು ಕೂತಿರುತ್ತಾರೆ. ಪೇಪರ್ ಬಾಗಿಲ ಸಂದಿಯಿಂದ ಒಳಗೆ ಬಿದ್ದಿರುತ್ತದೆ. ಎಚ್.ಡಿ. ಕೋಟೆ ಕಡೆ ಹೋಗುವ ಬಸ್ಸಿನಲ್ಲಿ ಹೋದರೆ ನಾನು ಇಳಿಯುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಅಂದಿನ ಪೇಪರ್ ಓದದೆಯೇ ಹೊಲಕ್ಕೆ ಹೋಗಿರುತ್ತಾರೆ. ಇಳಿದ ಮೇಲೂ ಒಳಗಿನ ದಾರಿ ನಡೆಯಬೇಕು. ಹಾಗೆ ತಡವಾಗಿ ತಡವಾಗಿ, ಇನ್ನು ಈ ಕೆಲಸ ಬಿಟ್ಟುಬಿಡುವುದೇ ಸರಿ ಎಂದುಕೊಂಡಿದ್ದಾಗಲೇ ಮನೆಗೆ ಈ ಸ್ಕೂಟರ್ ಬಂದದ್ದು. ಪೆಟ್ರೋಲ್ ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸುವುದಕ್ಕೇ ನನಗೆ ಇನ್ನೊಬ್ಬರು ಬೇಕು. ಇದು ಹಗುರ, ಈ ವಯಸ್ಸಿನಲ್ಲಿ ಕಲಿತರೂ ಕೈಗೆ ಹೊಂದಿಕೊಂಡಿತ್ತು.

ಈಗ ಇದೂ ಕೈ ಕೊಟ್ಟು ಮತ್ತೆ ತಡವಾಗತೊಡಗಿತು. ಪಂಚಾಯ್ತಿಯ ಅಧ್ಯಕ್ಷರು ಒಳ್ಳೆಯವರೇ, ಆದರೆ ಅವರೂ ಎಷ್ಟು ದಿನ ಸುಮ್ಮನಿದ್ದಾರು? "ನೋಡಿ ಮೇಡಂ, ಒತ್ತಾರೆ ಬಾಗ್ಲು ತೆಗೀಬೇಕು ಅನ್ನೋದು ಊರೋರ ಮಾತು. ನಿಮ್ಗಾಗಾಕಿಲ್ಲ ಅಂದ್ರೆ ಏಳ್ಬುಡಿ, ಬೇಜಾರಿಲ್ಲ. ಈ ಊರೋರ್ನೇ ಯಾರ್ನಾದ್ರೂ ನೋಡ್ಕತೀವಿ" ಎಂದರು. ಮೆಟ್ಟಿಲ ಮೇಲಿನ ಹಿರಿಯರಲ್ಲಿ ಒಬ್ಬರು, ದಪ್ಪ ಕನ್ನಡಕದವರು, ನನ್ನನ್ನು ನೋಡಿದೊಡನೆ ಪಕ್ಕದವರಿಗೆ ಹೇಳುತ್ತಿದ್ದರು: "ಬಂದ್ರು ಕಣ್ಲಾ ಮೇಡಮ್ನೋರು. ನಿನ್ನೆ ಪೇಪರ್ ಇವತ್ತು ಓದ್ಬೌದು, ಏಳು."

ಮನೆಯಲ್ಲಿ ನಮ್ಮ ಮನೆಯವರದು ಬೇರೆ ಲೆಕ್ಕಾಚಾರ. ಅವರಿಗೆ ಈ ಗಾಡಿಯ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಸದ್ದು ಮಾಡದ್ದು ಗಾಡಿ ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆ. "ಏನಮ್ಮಿ, ಇವತ್ತೂ ಮುನಿಸ್ಕಂಡದಾ ನಿನ್ ಗಾಡಿ? ವಸಿ ಬೆಲ್ಲ ತಿನ್ನಿಸಿ ನೋಡು" ಎಂದು ತಮ್ಮ ಹಳೆಯ ಬೈಕನ್ನು ಬೇಕೆಂದೇ ಎರಡು ಸಲ ಜೋರಾಗಿ ಗುರ್ರೆನ್ನಿಸಿ ಹೋಗುತ್ತಿದ್ದರು. ಕೆ.ಆರ್. ನಗರದಲ್ಲಿರುವ ನಾದಿನಿಯ ಗಂಡನಿಗೆ ಫೋನ್ ಮಾಡಿ ಮಾತನ್ನೂ ಆಡಿಬಿಟ್ಟರು. ಅಲ್ಲಿ ಅವರದು ಅಕ್ಕಿ ಗಿರಣಿಯ ಕೆಲಸ, ಮನೆಯಿಂದ ಹತ್ತಿರದ ಓಡಾಟ, ಅವರಿಗೆ ಇದು ಸಾಕು. ಅವರ ಪೆಟ್ರೋಲ್ ಸ್ಕೂಟರ್ ನಮಗೆ, ನಮ್ಮದು ಅವರಿಗೆ. ಭಾನುವಾರ ಬಂದು ತೆಗೆದುಕೊಂಡು ಹೋಗುವುದು.

"ಆ ಪೆಟ್ರೋಲ್ ಗಾಡಿ ನಂಗೆ ಎತ್ತಕ್ಕಾಗಲ್ಲ ಕಣ್ರೀ" ಎಂದೆ.

"ಎತ್ತೋದ್ಯಾಕೆ? ಓಡ್ಸು."

"ಓಡ್ಸೋಕೆ ಮೊದ್ಲು ಸ್ಟ್ಯಾಂಡಿಂದ ಇಳೀಬೇಕಲ್ಲ ಅದು."

ಅವರು ಬೈಕ್ ಹತ್ತಿ ಹೊರಟರು. ಭಾನುವಾರದೊಳಗೆ ಗಾಡಿಯ ಕಾಯಿಲೆ ಏನೆಂದು ಗೊತ್ತಾಗದಿದ್ದರೆ ಗಾಡಿಯೂ ಹೋಗುತ್ತದೆ, ಅದರ ಹಿಂದೆಯೇ ಗ್ರಂಥಾಲಯವೂ ಹೋಗುತ್ತದೆ ಎಂದು ನನಗೆ ಸ್ಪಷ್ಟವಾಯಿತು. ಆದರೂ ನಿಜ ಹೇಳಬೇಕೆಂದರೆ ಭಯಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಹೊತ್ತಿನ ಗುಟ್ಟು. ಬೆಳಗ್ಗೆ ಇಲ್ಲ, ಮಧ್ಯಾಹ್ನ ಇದೆ. ತಲೆನೋವು ಜ್ವರಗಳಿಗೆ ಹೊತ್ತು ಇರುವುದನ್ನು ನೋಡಿದ್ದೇನೆ. ಕಬ್ಬಿಣಕ್ಕೂ ಇರುತ್ತದೆಯೇ?

ಆ ಗಾಡಿಯನ್ನು ನಾನು ನೋಡಿಕೊಳ್ಳುತ್ತಿದ್ದುದು ಮನೆಯ ಪಾತ್ರೆಪಗಡಿಯ ಹಾಗೆಯೇ. ಮೇಲೆ ನೀರು ಸುರಿಯದೆ ಒದ್ದೆ ಬಟ್ಟೆ ಹಿಂಡಿ ಒರೆಸುವುದು, ಕಾಲಿನಿಂದ ತುಳಿಯುವ ಪಂಪಿನಲ್ಲಿ ಗಾಳಿ ಹಾಕುವುದು, ಚಾರ್ಜಿನ ವೈರು ಚುಚ್ಚುವ ಬಾಯಿಯ ಮುಚ್ಚಳ ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆಯುವುದು. ವೈರು ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗುತ್ತದೆ. ಚಾರ್ಜರಿನ ಕೆಂಪು ದೀಪ ಹಸಿರಾಗುವುದನ್ನು ಸಾರು ಕುದಿಯುವುದನ್ನು ನೋಡುವ ಕಣ್ಣಲ್ಲೇ ನೋಡಿಕೊಳ್ಳುತ್ತೇನೆ. ಹಾಗಾಗಿ ತಪ್ಪು ಹುಡುಕುವುದಕ್ಕೂ ಅಡುಗೆ ಕೆಟ್ಟರೆ ಹುಡುಕುವ ಕ್ರಮವನ್ನೇ ಹಿಡಿದೆ: ಮೊದಲು ಉಪ್ಪು, ಆಮೇಲೆ ಹುಳಿ, ಆಮೇಲೆ ಒಲೆ.

ಚಾರ್ಜರ್ ಬಿಸಿಯಾಗುತ್ತಿತ್ತು, ಅಂದರೆ ಸರಿ ಇದೆ. ಸೀಟಿನ ಕೆಳಗಿನ ಬ್ಯಾಟರಿಯ ಸ್ವಿಚ್ಚು ಮೇಲಕ್ಕೆ, ಆನ್ ಆಗಿಯೇ ಇತ್ತು. ಪಕ್ಕದ ಸ್ಟ್ಯಾಂಡ್ ಇಳಿದಿದ್ದರೆ ಈ ಗಾಡಿ ಹೊರಡುವುದಿಲ್ಲ. ಅಲ್ಲೊಂದು ಸಣ್ಣ ಗುಂಡಿ ಇದೆ, ಅದಕ್ಕೆ ಕೆಸರು ಮೆತ್ತಿಕೊಂಡರೂ ಸ್ಟ್ಯಾಂಡ್ ಇಳಿದೇ ಇದೆ ಎಂದು ತಿಳಿದುಕೊಳ್ಳುತ್ತದೆ. ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಅದನ್ನು ಬೆಳ್ಳಿಯ ಹಾಗೆ ಮಾಡಿದೆ. ಮಾರನೆಯ ಬೆಳಗ್ಗೆ ಗಾಡಿ ಮತ್ತೆ ಅಲ್ಲೇ. ಕಂಪನಿಯ ಫೋನಿನಲ್ಲಿ ಮಾತಾಡಿದ ಹೆಣ್ಣುಮಗಳು ತುಂಬ ಮೃದುವಾಗಿ, "ಆಫ್ ಮಾಡಿ ಆನ್ ಮಾಡಿ ನೋಡಿ ಮೇಡಂ" ಎಂದಳು. ನೋಡಿದೆ. "ಮತ್ತೊಂದು ಸಲ ಮಾಡಿ ಮೇಡಂ" ಎಂದಳು.

ಪೇಟೆಯಲ್ಲಿ ನಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ, ನಮ್ಮ ಮನೆಯವರ ಬೈಕು ಇನ್ನೂ ಬದುಕಿರುವುದು ಅವರ ಕೈಯಿಂದಲೇ. ಮಧ್ಯಾಹ್ನದ ನಮಾಜು ಮುಗಿಸಿ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕುಕ್ಕರುಗಾಲಲ್ಲಿ ಕೂತು, ಕೆಳಗೆ ಬಗ್ಗಿ ನೋಡಿ ಎದ್ದರು.

"ಅಕ್ಕಾ, ಪೆಟ್ರೋಲ್ ಗಾಡಿ ಆದ್ರೆ ಕೆಮ್ಮು ಕೇಳಿದ್ರೆ ಸಾಕು, ಎಲ್ಲಿ ನೋವು ಅಂತ ಹೇಳ್ಬಿಡ್ತೀನಿ. ಇದು ಕೆಮ್ಮಲ್ಲ, ಹೊಗೆ ಬಿಡಲ್ಲ. ಮೂಗಿ ಪೇಷಂಟು. ಏನಂತ ಕೇಳ್ಲಿ ನಾನು?"

"ಬೆಳಗ್ಗೆ ಬಂದು ನೋಡಿ ಭಾಯ್, ಬೆಳಗ್ಗೆ ಮಾತ್ರ ಹೀಗಾಗೋದು."

"ಬೆಳಗ್ಗೆ ಹೊತ್ತು ಈ ಮಂಜಲ್ಲಿ ನಾನೇ ಸ್ಟಾರ್ಟ್ ಆಗಲ್ಲ ಅಕ್ಕಾ" ಎಂದು ನಕ್ಕರು. ಹಾಗೆ ಅಂದರೂ ಅವರಿಗೂ ಕುತೂಹಲ ಹತ್ತಿತ್ತು. ಗಾಡಿ ಏರಿ ಬೀದಿಯ ಕೊನೆಯವರೆಗೆ ಹೋಗಿ ಬಂದರು. ಅವರ ಕೈಯಲ್ಲಿ ಅದು ಹಂಸದ ಹಾಗೆ ಹೋಯಿತು. "ಚಳಿಗೆ ಬ್ಯಾಟ್ರಿ ಮಂಕಾಗುತ್ತೋ ಏನೋ. ನಂಗೆ ಗೊತ್ತಿಲ್ದೆ ಬಿಚ್ಚಲ್ಲ" ಎಂದು ಹೇಳಿ, ಟೀ ಕುಡಿದು ಹೋದರು. ಗೊತ್ತಿಲ್ಲ ಎಂದು ಅವರು ಹೇಳಿದ್ದು ನನಗೆ ಹಿಡಿಸಿತು.

ಇಷ್ಟೆಲ್ಲ ಆಗುವಾಗ ನಮ್ಮ ಅತ್ತೆಯೂ ತಮ್ಮ ಚಿಕಿತ್ಸೆ ಮಾಡುತ್ತಲೇ ಇದ್ದರು. ಅತ್ತೆಯ ಪ್ರಾಯವೆಲ್ಲ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು ಗೂಡುಗಳ ಮುಂದೆ ಕಳೆದದ್ದು. ಹಸಿ ಎಲೆಯನ್ನು ಕಡ್ಡಿಗೆ ದಾರದಿಂದ ಕಟ್ಟಿ ಬೇಯಿಸುವ ಗೂಡಿಗೆ ಏರಿಸುತ್ತಾರಲ್ಲ, ಆ ಕಟ್ಟುವ ಕೆಲಸ. ಅತ್ತೆ ಕಟ್ಟಿದ ಎಲೆ ಗೂಡಿನಿಂದ ಇಳಿಸುವವರೆಗೆ ಒಂದೂ ಉದುರುತ್ತಿರಲಿಲ್ಲವಂತೆ. ಅದೇ ಹತ್ತಿ ದಾರದ ಉಂಡೆಯೊಂದು ಈಗಲೂ ದೇವರ ಮನೆಯ ಗೂಡಿನಲ್ಲಿದೆ. ಆಯುಧಪೂಜೆಯ ದಿನ ಗಾಡಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟ ಮೇಲೆ ಅತ್ತೆ ಆ ದಾರಕ್ಕೆ ಅರಿಶಿನ ಹಚ್ಚಿ ಎಡಗೈಯ ಹಿಡಿಗೆ ಕಟ್ಟಿದ್ದರು. ಬರೀ ಹಿಡಿಗೆ ಕಟ್ಟಿದರೆ ಜಾರುತ್ತದೆಂದು ಬ್ರೇಕಿನ ಕಡ್ಡಿಯ ಬುಡವನ್ನೂ ಸೇರಿಸಿ ಸುತ್ತಿದ್ದರು. "ನಿಲ್ಸೋ ಕಡೀಕೇ ಇರ್ಬೇಕು ಕಣವ್ವ ದ್ಯಾವ್ರು. ಓಡ್ಸೋದ್ನ ನೀನೇ ಓಡುಸ್ತೀಯ" ಎಂದಿದ್ದರು. ಅದರ ಮೇಲೆ ಹೂವಿನ ಹಾರ. ಹೂವು ಒಣಗಿ ಉದುರಿ, ನಾರು ದಾರ ಎಲ್ಲ ಸೇರಿ ಒಂದು ಗಂಟಿನಂತೆ ಅಲ್ಲೇ ಕೂತಿತ್ತು. ಹೊಸ್ತಿಲ ಮೇಲಿನ ಕುಂಕುಮದ ಹಾಗೆ, ದಿನವೂ ಕಣ್ಣಿಗೆ ಬಿದ್ದರೂ ನೋಡದ ವಸ್ತು ಅದು.

ಗಾಡಿ ಕೈಕೊಟ್ಟ ಮೊದಲ ದಿನವೇ ಅತ್ತೆ ತೀರ್ಪು ಕೊಟ್ಟರು: "ಕಣ್ಣು ಬಿದ್ದದೆ. ಈ ಬೀದೀಲಿ ಯಾವ ಎಂಗ್ಸು ಇಂಗೆ ಸದ್ದಿಲ್ದಂಗೆ ಓಡಾಡ್ತಾಳೆ ಏಳು?" ಎಂದು ಇನ್ನೊಂದು ಸುತ್ತು ದಾರ ಸುತ್ತಿದರು. ಮತ್ತೆ ಕೈಕೊಟ್ಟಿತು, ಮತ್ತೊಂದು ಸುತ್ತು. ನಾನು ಬಸ್ಸಿಗೆ ಓಡಿದ ದಿನವೆಲ್ಲ ಹಿಂದಿನಿಂದ ಅತ್ತೆ ದಾರದ ಉಂಡೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದರು.

ಶನಿವಾರ ಬೆಳಗ್ಗೆ ಮಂಜು ದಟ್ಟವಾಗಿತ್ತು. ಗಾಡಿ ಅಂಗಳದ ಬಯಲಿನಲ್ಲಿತ್ತು. ಜಗಲಿಯ ಶೀಟಿನ ಕೆಳಗೆ ಅದಿರುತ್ತಿದ್ದ ಜಾಗಕ್ಕೆ ಆ ತಿಂಗಳು ರಾಗಿ ಮೂಟೆಗಳು ಬಂದಿದ್ದವು. ಸೀಟಿನ ಮೇಲಿನ ಇಬ್ಬನಿ ಒರೆಸಿ ಕೂತೆ. ಕೀ ತಿರುಗಿಸಿದೆ. ಮಾಮೂಲಿನಂತೆ ಬೆಳಕು ಬಂತು, ಗಾಡಿ ಹೊರಡಲಿಲ್ಲ. ಹಿಂದೆ ರಂಗೋಲಿ ಇಡುತ್ತಿದ್ದ ಅತ್ತೆ ತಲೆಯೆತ್ತಿ, "ಅದ್ಯಾಕವ್ವ ಹಿಂದ್ಗಡೆ ಕೆಂಪು ಲೈಟು ಉರೀತಾನೇ ಅದೆ, ದ್ಯಾವ್ರ ಮನೆ ಬಲ್ಬಿನಂಗೆ?" ಎಂದರು.

ಇಳಿದು ಹೋಗಿ ನೋಡಿದೆ. ರಂಗೋಲಿಯ ಅರ್ಧಕ್ಕೆ ಕೆಂಪು ಬಿದ್ದಿತ್ತು. ಅದು ಬ್ರೇಕ್ ಹಿಡಿದರೆ ಮಾತ್ರ ಬೆಳಗಬೇಕಾದ ದೀಪ. ಬ್ರೇಕಿನ ಮೇಲೆ ಯಾರ ಕೈಯೂ ಇರಲಿಲ್ಲ. ಗಾಡಿಯ ಮೇಲೆ ಕೂತವಳಿಗೆ ತನ್ನ ಬೆನ್ನ ಹಿಂದಿನ ದೀಪ ಕಾಣುವುದಾದರೂ ಹೇಗೆ? ಗಾಡಿಯ ಜೊತೆ ಬಂದ ಪುಸ್ತಕವನ್ನು ತಂದು ಹುಡುಕಿದೆ. ಗ್ರಂಥಾಲಯದವಳಾಗಿ ಮೊದಲೇ ಮಾಡಬೇಕಿದ್ದ ಕೆಲಸ. ಅದರಲ್ಲಿ ಸ್ಪಷ್ಟವಾಗಿಯೇ ಇತ್ತು: ಬ್ರೇಕ್ ಹಿಡಿದಿರುವಷ್ಟು ಹೊತ್ತು ಮೋಟಾರಿಗೆ ಕರೆಂಟು ಹೋಗುವುದಿಲ್ಲ. ಅಂದರೆ ಗಾಡಿಯ ಲೆಕ್ಕದಲ್ಲಿ ನಾನು ಬ್ರೇಕ್ ಹಿಡಿದೇ ಇದ್ದೇನೆ! ಆದರೆ ತಳ್ಳಿದರೆ ಚಕ್ರ ಸಲೀಸಾಗಿ ಉರುಳುತ್ತದೆ. ಹಾಗಾದರೆ ಬ್ರೇಕ್ ಹಿಡಿದಿಲ್ಲ, ಹಿಡಿದಿದೆ ಎಂಬ ಸುದ್ದಿ ಮಾತ್ರ ಒಳಗೆ ಹೋಗುತ್ತಿದೆ. ಸ್ವಿಚ್ಚಿಗೆ ತೇವ ಇಳಿದಿರಬೇಕು ಎಂದುಕೊಂಡು, ಒರೆಸಿ, ಊದಿ, ಕೊನೆಗೆ ಬಸ್ಸಿಗೇ ಓಡಿದೆ. ಅಂದೂ ನಿನ್ನೆಯ ಪೇಪರಿನ ಮಾತು ಕೇಳಿದೆ.

ಶನಿವಾರ ಬೇಗ ಮನೆಗೆ ಬರುತ್ತೇನೆ. ಬಿಸಿಲು ಚುರುಗುಟ್ಟುತ್ತಿತ್ತು. ಅಂಗಳದಲ್ಲಿ ಒಣಗಿದ್ದ ಬಟ್ಟೆ ತೆಗೆಯಲು ಹೋದರೆ ಅತ್ತೆಯ ಸೀರೆಯ ಅಂಚು ನೆಲಕ್ಕೆ ತಾಗಿ ಮಣ್ಣಾಗಿತ್ತು. ನನಗೆ ಸಿಟ್ಟು ಬಂತು. ಬೆಳಗ್ಗೆ ನಾನೇ ಒಣಹಾಕಿದ್ದು, ಆಗ ಹಗ್ಗ ತಂತಿಯ ಹಾಗೆ ಬಿಗಿಯಾಗಿತ್ತು, ಸೀರೆ ನೆಲದಿಂದ ಗೇಣುದ್ದ ಮೇಲಿತ್ತು. ಈಗ ಹಗ್ಗ ಜೋಲಿ ಹೊಡೆಯುತ್ತಿದೆ. ಬೈದುಕೊಂಡು ಸೀರೆ ಮಡಚುತ್ತಿದ್ದವಳು ಹಾಗೇ ನಿಂತೆ. ಈ ಹಗ್ಗದ ಸ್ವಭಾವ ನನಗೆ ಗೊತ್ತಿಲ್ಲದ್ದೇನಲ್ಲ. ಹತ್ತಿ ಹಗ್ಗ, ಮಂಜು ಕುಡಿದರೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲವಾಗುತ್ತದೆ. ಬೆಳಗ್ಗೆ ಬಿಗಿ, ಮಧ್ಯಾಹ್ನ ಸಡಿಲ.

ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಗಾಡಿಯ ಹತ್ತಿರ ಹೋದೆ. ಎಡಗೈಯ ಹಿಡಿಯಲ್ಲಿ ಅತ್ತೆಯ ದಾರ, ಸುತ್ತಿನ ಮೇಲೆ ಸುತ್ತು. ಬೆರಳು ತೂರಿಸಿ ನೋಡಿದೆ, ಕೂದಲೆಳೆಯಷ್ಟು ಸಡಿಲವಿತ್ತು. ಕೀ ತಿರುಗಿಸಿದೆ. ಹಿಂದಿನ ದೀಪ ಆರಿಯೇ ಇತ್ತು. ತೊಟ್ಟಿಯಿಂದ ಒಂದು ಚೆಂಬು ನೀರು ತಂದು ದಾರದ ಮೇಲೆ ನಿಧಾನ ಬಿಟ್ಟೆ. ಏನೂ ಆಗಲಿಲ್ಲ. ಕೈಯ ಒದ್ದೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಾದೆ. ಹಪ್ಪಳ ಎಣ್ಣೆಯಲ್ಲಿ ಏಳುವುದನ್ನು ಕಾಯುವ ಹಾಗೆ ಆ ಕಡ್ಡಿಯನ್ನೇ ನೋಡುತ್ತಿದ್ದೆ. ಅದು ಸರಿಯುತ್ತಿರುವುದು ಕಣ್ಣಿಗೆ ಕಾಣಲೇ ಇಲ್ಲ. ಆದರೆ ಹಿಂದುಗಡೆ ನೆರಳಿನಲ್ಲಿದ್ದ ಬಿಳಿ ಗೋಡೆಯ ಮೇಲೆ ಸಣ್ಣಗೆ ಕೆಂಪು ಮೂಡಿತು.

ನನಗೆ ಅರಿವಿಲ್ಲದೆ ಚಪ್ಪಾಳೆ ತಟ್ಟಿಬಿಟ್ಟೆ. ತಿರುಗಿ ನೋಡಿದರೆ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು.

ಹೇಳುವುದು ಹೇಗೆ? ಸುಮ್ಮನೆ ಕತ್ತರಿಯಿಂದ ಕತ್ತರಿಸಿಬಿಡಬಹುದಿತ್ತು. ಆದರೆ ಆ ದಾರದ ಒಂದೊಂದು ಸುತ್ತೂ ನಾನು ದಾರಿಯಲ್ಲಿ ಕ್ಷೇಮವಾಗಿರಲಿ ಎಂದು ಸುತ್ತಿದ್ದು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಎದ್ದು ಬಂದರು. ಒದ್ದೆ ದಾರವನ್ನು ಹೆಬ್ಬೆರಳಿಂದ ಒತ್ತಿದರು, ಗೋಡೆಯ ಕೆಂಪನ್ನು ನೋಡಿದರು, ಮತ್ತೆ ದಾರ ಒತ್ತಿದರು.

"ನೆಂದ್ರೆ ಇದು ಎಲೆ ಕೊಯ್ಯಂಗೆ ಬಿಗೀತದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಂಗಾರೆ ದಿನಾ ನಿನ್ ಗಾಡಿ ಕಟ್ಟಾಕ್ತಿದ್ದುದು ನಾನೇಯಾ?"

"ನಿಲ್ಸೋ ಕಡೀಕೇ ದೇವರು ಅಂದಿದ್ರಲ್ಲ ಅತ್ತೆ, ನಿಲ್ಸೇಬಿಟ್ಟ" ಎಂದೆ.

ಅತ್ತೆಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆಮೇಲೆ ಗಂಭೀರವಾಗಿ, "ಕತ್ರಿ ಮುಟ್ಬ್ಯಾಡ" ಎಂದು ದಾರದ ತುದಿಯನ್ನು ಹಿಂದಕ್ಕೆ ತಳ್ಳಿ ಎಲ್ಲೋ ಒಂದು ಕಡೆ ಉಗುರಿನಿಂದ ಎತ್ತಿದರು. ನಾನು ಒಂದು ಗಂಟೆ ಒದ್ದಾಡಿದ್ದರೂ ಬಿಡದಂಥ ಗಂಟು ಸರಸರನೆ ಬಿಚ್ಚಿಕೊಂಡಿತು. ಅದೇ ದಾರವನ್ನು ಕನ್ನಡಿಯ ಕಂಬಿಗೆ ಸುತ್ತಿದರು. "ಇಲ್ಲಿ ಎಷ್ಟಾರ ಬಿಗೀಲಿ. ನಿನ್ ಗಂಡುಂಗೆ ಈಗ್ಲೇ ಏಳ್ಬ್ಯಾಡ, ನಾಳೀಕೆ ನೋಡ್ಲಿ."

ಭಾನುವಾರ ಮಂಜಿನಲ್ಲೇ ಕೆ.ಆರ್. ನಗರದಿಂದ ಪೆಟ್ರೋಲ್ ಸ್ಕೂಟರ್ ಬಂತು. ನಾದಿನಿಯ ಗಂಡ ಮಫ್ಲರ್ ಬಿಚ್ಚುವ ಮೊದಲೇ ನಮ್ಮ ಮನೆಯವರು, "ಭಾವ, ಮೊದ್ಲೇ ಏಳ್ತೀನಿ, ಒತ್ತಾರೆ ಒತ್ತು ಇದು ಕದಲಾಕಿಲ್ಲ. ಆಮೇಲೆ ನನ್ನ ಬಯ್ಬ್ಯಾಡಿ" ಎಂದರು. ನಮ್ಮವರ ಈ ಗುಣ ಒಳ್ಳೆಯದು, ಮುಚ್ಚಿಡುವವರಲ್ಲ. ಅವರಿಗೆ ತೋರಿಸಲೆಂದು ತಾವೇ ಕೂತು ಕೀ ತಿರುಗಿಸಿ ಆಕ್ಸಿಲೇಟರ್ ತಿರುವಿದರು. ಗಾಡಿ ಮುಂದಕ್ಕೆ ನೆಗೆದು ರಾಗಿ ಮೂಟೆಗೆ ಮೂತಿ ಇಟ್ಟಿತು.

ಗಾಡಿ ಸರಿಹೋದರೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದಿದ್ದೆ. ಆದದ್ದು ತಿರುವುಮುರುವು. ಬಂದವರು ಅದನ್ನು ಏರಿ ಹೊಳೆಯ ಸೇತುವೆಯವರೆಗೆ ಹೋಗಿ ಬಂದು, ಮುಖವೆಲ್ಲ ನಗುವಾಗಿ, "ಬೆಣ್ಣೆ ಇದ್ದಂಗದೆ ಬುಡಿ ಭಾವ! ಇದ್ನ ಕೆಟ್ಟದೆ ಅಂದ್ರಲ್ಲ. ಈಗ್ಲೇ ತಕ್ಕೊಂಡೋಯ್ತೀನಿ" ಎಂದರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ಮಾತು ಕೊಟ್ಟಾಗಿತ್ತು, ತಂಗಿಯ ಗಂಡನಿಗೆ ಇಲ್ಲ ಎನ್ನುವುದು ಅವರಿಂದಾಗದು. ನಾನೇ ಹುಡುಕಿ, ನಾನೇ ಸರಿಮಾಡಿ, ನಾನೇ ಕಳಿಸಿಕೊಡುವ ಹಾಗಾಯಿತಲ್ಲ!

ಅತ್ತೆ ಕಾಫಿ ಲೋಟ ಹಿಡಿದು ಒಳಗಿನಿಂದ ಬಂದರು.

"ಅಳೀದ್ಯಾವ್ರೆ, ಮೊದ್ಲು ಕಾಪಿ ಕುಡೀರಿ. ಗಾಡಿ ತಕ್ಕೊಂಡೋಯ್ತೀನಿ ಅಂತೀರಲ್ಲ, ಇದ್ಯಾವ್ ತಿಂಗ್ಳು?"

"ಯಾಕತ್ತೆ, ಧನುರ್ಮಾಸ."

"ಧನುರ್ಮಾಸ್ದಲ್ಲಿ ಎಣ್ಣು ಕೇಳಾಕೋಗಾಕಿಲ್ಲ, ಮನೆ ವಕ್ಕಲಾಗಾಕಿಲ್ಲ, ಗಾಡಿ ಮಾತ್ರ ಮನೆ ದಾಟುಸ್ಬೋದಾ? ನಮ್ಮ ಮಗ್ಳುನ್ನ ಕೂರುಸ್ಕಂಡು ಓಡಾಡೋ ಗಾಡಿ. ಸಂಕ್ರಾಂತಿ ಕಳೀಲಿ."

ಅವರು ಅರ್ಧ ಎದ್ದವರು ಮತ್ತೆ ಕೂತರು. "ಅದೂ ಸರೀನೇ" ಎಂದರು. ಮಗಳ ಹೆಸರು ಎತ್ತಿದ ಮೇಲೆ ಯಾವ ಅಳಿಯ ಎದುರಾಡುತ್ತಾನೆ? ಅತ್ತೆ ಅಷ್ಟಕ್ಕೇ ಬಿಡದೆ ನಮ್ಮವರ ಕಡೆ ತಿರುಗಿ, "ನೀನೂ ಕೇಳುಸ್ಕೊ ಮಗ. ಈ ಗಾಡಿ ಓದ್ರೆ ನನ್ ಸೊಸೆ ಕೆಲ್ಸ ಓಯ್ತದೆ. ಸಂಕ್ರಾಂತಿ ಆದ್ಮೇಕೂ ಈ ಮಾತು ಎತ್ಬ್ಯಾಡ" ಎಂದರು. ಹೇಳಿದ್ದು ಮಗನಿಗೆ, ಕೇಳಿಸಿಕೊಂಡದ್ದು ಅಳಿಯ. ಅವರೇ ನಗುತ್ತ, "ಅತ್ತೆ, ಅದ್ನ ಮೊದ್ಲೇ ಅಂದಿದ್ರೆ ನಾನು ಮಂಜಲ್ಲಿ ನಡುಗ್ತಾ ಬತ್ತಿದ್ನಾ?" ಎಂದರು. ಅವರೆಕಾಳಿನ ಉಪ್ಪಿಟ್ಟು ತಿಂದು, ಒಂದು ಚೀಲ ಅವರೆಕಾಯಿಯನ್ನು ತಮ್ಮ ಪೆಟ್ರೋಲ್ ಗಾಡಿಗೇ ಕಟ್ಟಿಕೊಂಡು ಹೊರಟರು.

ಆಮೇಲೆ ನಮ್ಮ ಮನೆಯವರಿಗೆ ದಾರದ ಕಥೆಯನ್ನೆಲ್ಲ ಹೇಳಿದೆ. "ದಾರ ಎಲ್ಲಾದ್ರೂ ಗಾಡಿ ನಿಲ್ಸುತ್ತಾ? ಕಥೆ ಕಟ್ಬ್ಯಾಡ" ಎಂದು ಎದ್ದು ಹೋದರು. ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಕಂಡದ್ದು: ಬ್ರೇಕಿಗೆ ಒಂದು ತುಂಡು ದಾರ ಬಿಗಿದು ಸುತ್ತಿ, ಚೆಂಬು ಹಿಡಿದು, ಗೋಡೆಯ ಕಡೆ ಕತ್ತು ತಿರುಗಿಸಿಕೊಂಡು ನಿಂತಿದ್ದರು. ಬಹಳ ಹೊತ್ತು ನಿಂತಿದ್ದರು. ಕೊನೆಗೆ ಗೋಡೆಯಲ್ಲಿ ಏನನ್ನೋ ಕಂಡು, ಸುತ್ತಮುತ್ತ ಯಾರಾದರೂ ನೋಡಿದರೇನೋ ಎಂದು ಕಣ್ಣಾಡಿಸಿದರು. ನಾನು ತಲೆ ತಗ್ಗಿಸಿ ಪಾತ್ರೆ ಉಜ್ಜಿದೆ. ಸಂಜೆ ನೋಡಿದರೆ ರಾಗಿ ಮೂಟೆಗಳು ಒಂದರ ಮೇಲೊಂದು ಏರಿ, ಶೀಟಿನ ಕೆಳಗೆ ಒಂದು ಗಾಡಿ ನಿಲ್ಲುವಷ್ಟು ಜಾಗವಾಗಿತ್ತು.

ಸೋಮವಾರ ಮಂಜು ಇನ್ನೂ ಹೊಲಗಳ ಮೇಲೆ ಮಲಗಿದ್ದಾಗಲೇ ಗ್ರಂಥಾಲಯದ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಇನ್ನೂ ಯಾರೂ ಇರಲಿಲ್ಲ. ಗಂಟು ಬಿಚ್ಚದ ಪೇಪರ್ ಹೊಸ್ತಿಲ ಒಳಗೇ ಬಿದ್ದಿತ್ತು. ದಪ್ಪ ಕನ್ನಡಕದವರು ಟವೆಲು ಹೊದ್ದು ಬಂದವರು ತೆರೆದ ಬಾಗಿಲನ್ನೂ ನನ್ನನ್ನೂ ಒಂದು ಸಲ ನೋಡಿ, ಪೇಪರ್ ಕೈಗೆ ತೆಗೆದುಕೊಂಡು, ತಾರೀಕಿನ ಮೇಲೆ ಬೆರಳಿಟ್ಟು ಓದಿದರು.

"ಇದೇನ್ ಮೇಡಂ, ಇವತ್ತಿನ್ದು ಇವತ್ತೇ ಕೊಟ್ಬುಟ್ರಲ್ಲ" ಎಂದರು. "ನಾಳೀಕೆ ನಾವೇನ್ ಓದ್ಮ?"